ಬಿರುಬಿಸಿಲ ನಾಡಿನ ಕಾರಿಗೂ ಆಕಾಶದ ಥಂಡಿ!

ಒಂದು ಒಗಟು ಹೇಳ್ತೀನಿ. ಬಿಡಿಸಿ ನೋಡೋಣ!

ಡಿಸೆಂಬರ್ ತಿಂಗಳು. ಕಲಬುರಗಿಯ ಕೋಟನೂರ. ಬೆಳಗಿನ ಆರು ಗಂಟೆ. ಒಂದೇ ಓಣಿಯಲ್ಲಿ ಎರಡು ಕಾರು. ಒಂದು ಬಯಲಲ್ಲಿ ನಿಂತಿದೆ, ಇನ್ನೊಂದು ಬೇವಿನ ಮರದ ಬುಡದಲ್ಲಿ. ಬಯಲಿನ ಕಾರಿನ ನೆತ್ತಿ, ಬಾನೆಟ್ಟು, ಮುಂದಿನ ಗಾಜು ಎಲ್ಲ ತೊಯ್ದು ತೊಪ್ಪೆ! ಬೆರಳಿನಿಂದ ಹೆಸರು ಬರೆಯಬಹುದು, ಅಷ್ಟು ನೀರು. ಬೇವಿನ ಕೆಳಗಿನದು? ಒಣ ಒಣ!

ಗಾಳಿ ಒಂದೇ. ಥಂಡಿ ಒಂದೇ. ಓಣಿಯೂ ಒಂದೇ. ಮತ್ತೆ ಈ ಪಂಕ್ತಿಭೇದ ಯಾಕೆ?

"ಮೇಲಿಂದ ಬೀಳೋ ಇಬ್ಬನಿಯನ್ನ ಗಿಡ ತಡೀತು" ಅಂದಿರಾ? ಸೋತಿರಿ! ಇಬ್ಬನಿ ಮೇಲಿಂದ ಬೀಳುವುದೇ ಇಲ್ಲ. ಸುತ್ತಲಿನ ಗಾಳಿಯಲ್ಲಿದ್ದ ನೀರಾವಿಯೇ ತಣ್ಣಗಿನ ಮೈ ಸಿಕ್ಕಲ್ಲಿ ಹನಿಯಾಗಿ ಕೂರುತ್ತದೆ. ಅಂದರೆ ಬಯಲಿನ ಕಾರು ಹೆಚ್ಚು ತಣ್ಣಗಾಗಿತ್ತು. ಸರಿ, ಅದನ್ನು ತಣ್ಣಗೆ ಮಾಡಿದವರು ಯಾರು?

ಉತ್ತರ ಈಗಲೇ ಹೇಳಲಾರೆ. ಮೊದಲು ಭೂಮಿಯ ಆಚೆ ಮಗ್ಗುಲಿಗೆ ಹೋಗಿ ಬರೋಣ.

ಅಮೆರಿಕದ ಮಿನ್ನೆಸೋಟ ರಾಜ್ಯ. ಆ ರಾಜ್ಯದ ಟವರ್ ಎಂಬ ಸಣ್ಣ ಊರಿನಲ್ಲಿ 1996ರ ಫೆಬ್ರವರಿ 2ರ ಬೆಳಗ್ಗೆ ಎಷ್ಟು ಚಳಿ ಇತ್ತು? ಊಹಿಸಿ. ಸೊನ್ನೆಗಿಂತ 10 ಡಿಗ್ರಿ ಕೆಳಗೆ? ಇಲ್ಲ. 30? ಇನ್ನೂ ಇಳಿಯಿರಿ. 40? ಇಳಿಯಿರಿ ಇಳಿಯಿರಿ!

ಮೈನಸ್ 51 ಡಿಗ್ರಿ ಸೆಲ್ಸಿಯಸ್!

ಮೇ ತಿಂಗಳಲ್ಲಿ ನಮ್ಮೂರಲ್ಲಿ ಪಾದರಸ 43 ಮುಟ್ಟುವುದು ಹೊಸದಲ್ಲ. ಎರಡಕ್ಕೂ ಅಂತರ ಲೆಕ್ಕ ಹಾಕಿ. 94 ಡಿಗ್ರಿ! ಮಂಜುಗಡ್ಡೆಯಾಗುವ ನೀರಿಗೂ ಕುದಿಯುವ ನೀರಿಗೂ ಇರುವುದು 100 ಡಿಗ್ರಿ ಅಂತರ. ಅದಕ್ಕಿಂತ ಆರೇ ಕಡಿಮೆ. ಒಂದೇ ಭೂಮಿ, ಒಂದೇ ಜಾತಿಯ ಕಾರು, ಅದೇ ಹ್ಯಾಂಡಲ್ಲು. ಇಲ್ಲಿ ಮುಟ್ಟಿದರೆ ಅಂಗೈ ಚುರ್ ಅನ್ನುತ್ತದೆ. ಅಲ್ಲಿ ಜಗ್ಗಿದರೂ ಅಲ್ಲಾಡುವುದಿಲ್ಲ.

ಕೋಟನೂರಿನಿಂದ ಅಲ್ಲಿಗೆ ಹೋಗಿ, ಅಂಥ ಚಳಿಗಾಲದಲ್ಲಿ ಮೊದಲ ಸಲ ಸಿಕ್ಕಿಬಿದ್ದ ಮಗ ಊರಿಗೆ ಫೋನ್ ಹಚ್ಚಿದ ಅಂತಿಟ್ಟುಕೊಳ್ಳಿ. "ಯವ್ವಾ, ಕಾರಿನ ಬಾಗ್ಲಾ ತೆಗಿವಲ್ದು! ಥಂಡಿಗಿ ಅಂಟ್ಕೊಂಡು ಕುಂತದ!" ಕೋಟನೂರಿನ ತಾಯಿ ಏನಂತಾಳೆ? "ಅದಕ್ಕೇನಾಗ್ತದೋ ತಮ್ಮಾ, ಒಂದು ತಂಬಗಿ ಕುದಿಯೋ ನೀರ್ ಸುರವು!"

ಬೇಡ! ಬೇಡವೇ ಬೇಡ! ಯಾಕೆ ಅಂತ ಹೇಳುವೆ, ತಾಳಿ.

ಮೊದಲು ಆ ಬಾಗಿಲನ್ನು ಹತ್ತಿರದಿಂದ ನೋಡಿ. ಹೆಪ್ಪುಗಟ್ಟುವುದು ಹ್ಯಾಂಡಲ್ ಅಲ್ಲ. ಅದರ ಹಿಂದಿನ ಸಂದಿಯಲ್ಲಿ ಒಂದು ಸಣ್ಣ ಸ್ಪ್ರಿಂಗ್ ಇದೆ, ಒಂದು ಕೀಲು ಇದೆ. ಹಗಲು ಕರಗಿದ ಹಿಮದ ನೀರು ಅಲ್ಲಿಗೆ ಇಳಿದಿರುತ್ತದೆ. ಬಾಗಿಲ ಸುತ್ತಲಿನ ಕಪ್ಪು ರಬ್ಬರ್ ಪಟ್ಟಿಯ ಮೇಲೂ ತೆಳ್ಳನೆಯ ನೀರಿನ ಪೊರೆ. ರಾತ್ರಿ ಅದು ಗಟ್ಟಿಯಾಗುತ್ತದೆ. ಗಟ್ಟಿಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ! ಸಂದಿಯಲ್ಲಿ ಜಾಗವೇ ಇಲ್ಲ, ಹಿಗ್ಗುವುದೆಲ್ಲಿಗೆ? ಕೀಲನ್ನು ಹಿಡಿದು ಅಮುಕುತ್ತದೆ. ಸಿಟ್ಟಿನಿಂದ ಜಗ್ಗಿದಿರೋ, ಹ್ಯಾಂಡಲ್ಲೇ ಕಿತ್ತು ಕೈಗೆ ಬರುತ್ತದೆ. ಇಂದಿನ ಎಷ್ಟೋ ಕಾರುಗಳಲ್ಲಿ ಅದು ಬರೀ ಪ್ಲಾಸ್ಟಿಕ್. ಚಳಿಯಲ್ಲಿ ಪ್ಲಾಸ್ಟಿಕ್ ಪೆಡಸಾಗುತ್ತದೆ. ಬಾಗುವುದಿಲ್ಲ, ಮುರಿಯುತ್ತದೆ!

ಹ್ಞಾಂ, ಇನ್ನೊಂದು ಪ್ರಶ್ನೆ. ನೀರು ಎಷ್ಟು ಡಿಗ್ರಿಗೆ ಗಟ್ಟಿಯಾಗುತ್ತದೆ? "ಸೊನ್ನೆ! ಐದನೇ ಕ್ಲಾಸಿನಲ್ಲೇ ಓದೀವಿ!" ಅಂದಿರಲ್ಲ?

ಪೂರ್ತಿ ನಿಜವಲ್ಲ. ಧೂಳಿನ ಕಣವೂ ಇಲ್ಲದ ಶುದ್ಧ ಸಣ್ಣ ಹನಿ ಸೊನ್ನೆ ದಾಟಿ, ಮೈನಸ್ 10 ದಾಟಿ, 20 ದಾಟಿ, ಮೈನಸ್ 38ರ ಹತ್ತಿರದವರೆಗೂ ನೀರಾಗಿಯೇ ಇರಬಲ್ಲದು! ಸೊನ್ನೆಗಿಂತ ಕೆಳಗಿಳಿದೂ ನೀರಾಗಿಯೇ ಉಳಿದ ಹನಿಗಳು ಕೆಲವೊಮ್ಮೆ ಮಳೆಯಾಗಿ ಸುರಿಯುತ್ತವೆ. ಏನನ್ನಾದರೂ ತಾಗಿದವೋ, ಮುಗಿಯಿತು. ತಾಗಿದಲ್ಲೇ ಮಂಜುಗಡ್ಡೆ! 2013ರ ಡಿಸೆಂಬರಿನಲ್ಲಿ ಟೊರೊಂಟೊ ನಗರದ ಮೇಲೆ ಇಂಥ ಮಳೆಯೇ ಸುರಿಯಿತು. ಮರ, ತಂತಿ, ಕಾರು, ಹ್ಯಾಂಡಲ್ಲು, ಎಲ್ಲಕ್ಕೂ ಗಾಜಿನ ಅಂಗಿ. ಕರೆಂಟ್ ಹೋದದ್ದು ಸುಮಾರು 3 ಲಕ್ಷ ಗ್ರಾಹಕರಿಗೆ!

ಈಗ ಕುದಿಯುವ ನೀರಿನ ಮಾತು. ಸುರಿದಿರಿ ಅಂತಿಟ್ಟುಕೊಳ್ಳಿ. ಚಳಿಗೆ ಬಿಗಿದು ಕುಳಿತ ಗಾಜಿಗೆ ಒಮ್ಮೆಲೇ ಬಿಸಿ ತಾಗಿದರೆ ಸಿಡಿದು ಬಿರುಕು ಬಿಡಬಹುದು. ಬಿಡಲಿಲ್ಲ ಅನ್ನಿ. ನೀರು ಎಲ್ಲಿ ಹೋಯಿತು? ಸಂದಿಯೊಳಗೆ ಇನ್ನಷ್ಟು ಆಳಕ್ಕೆ! ಸ್ವಲ್ಪ ಹೊತ್ತಿನಲ್ಲಿ ಅದೂ ಮಂಜುಗಡ್ಡೆ. ಒಂದು ಬೀಗ ಇದ್ದಲ್ಲಿ ಎರಡಾದವು.

ಬಾಯಿಯಿಂದ ಉಫ್ ಅಂತ ಊದಿದರೆ? ಉಸಿರಿನಲ್ಲಿ ಬಿಸಿಗಿಂತ ತೇವವೇ ಹೆಚ್ಚು ಕಾಟ ಕೊಡುತ್ತದೆ. 1 ಗ್ರಾಂ ಮಂಜುಗಡ್ಡೆ ಕರಗಿಸಲು ಎಷ್ಟು ಶಾಖ ಬೇಕು ಗೊತ್ತೇ? ಅಷ್ಟೇ ಶಾಖದಲ್ಲಿ 1 ಗ್ರಾಂ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು! ಉಸಿರಿಗೆಲ್ಲಿಯ ಆ ತಾಕತ್ತು?

ಮತ್ತೇನು ಮಾಡಬೇಕು? ಕೇಳಿದರೆ ನಗ್ತೀರಿ. ತೆಗೆಯಬೇಕಾದ ಬಾಗಿಲನ್ನು ಮೊದಲು ಮುಚ್ಚಬೇಕು!

ಹೌದು! ಜಗ್ಗಬಾರದು, ನೂಕಬೇಕು. ಭುಜ ಕೊಟ್ಟು ಬಾಗಿಲನ್ನು ಒಳಕ್ಕೆ ಒತ್ತಬೇಕು. ಆ ಒತ್ತಡಕ್ಕೆ ರಬ್ಬರ್ ಪಟ್ಟಿಯ ಮೇಲಿನ ಮಂಜಿನ ಪೊರೆ ಚಿಟ್ ಚಿಟ್ ಅಂತ ಒಡೆಯುತ್ತದೆ. ಆಮೇಲೆ ಮೆಲ್ಲಗೆ ತೆಗೆಯಿರಿ. ಬರಲಿಲ್ಲವೋ, ಆಚೆ ಬದಿಯ ಬಾಗಿಲು ನೋಡಿ. ಬಿಸಿಲು, ಗಾಳಿ ಎರಡು ಬದಿಗೂ ಒಂದೇ ತೆರನಾಗಿ ಬೀಳುವುದಿಲ್ಲ. ಅದೂ ಬರಲಿಲ್ಲವೋ, ಡಿಕ್ಕಿಯಿಂದ ತೂರಿ ಹೋಗುವ ಮಹಾನುಭಾವರೂ ಇದ್ದಾರೆ!

ಹ್ಯಾಂಡಲ್ಲಿಗೋ? ನಿಮ್ಮ ಜೇಬಿನಲ್ಲೇ ಮದ್ದಿದೆ. ಕೊರೊನಾ ಕಾಲದಲ್ಲಿ ಮನೆಮನೆ ಸೇರಿದ ಸ್ಯಾನಿಟೈಸರ್! ಅದರಲ್ಲಿರುವುದು ಆಲ್ಕೋಹಾಲ್. ನೀರು ಸೊನ್ನೆಗೆ ಸೋತರೆ ಐಸೊಪ್ರೊಪೈಲ್ ಆಲ್ಕೋಹಾಲ್ ಸೋಲುವುದು ಮೈನಸ್ 89ಕ್ಕೆ. ಎಥನಾಲ್? ಮೈನಸ್ 114! ಮಂಜಿನ ಜೊತೆ ಬೆರೆತು ಅದನ್ನೇ ನೀರು ಮಾಡಿಬಿಡುತ್ತದೆ.

ಇದಕ್ಕಿಂತ ಸೋಜಿಗದ್ದು ಕೋಟನೂರಿನ ನಿಮ್ಮ ಕಾರಿನ ಬಾನೆಟ್ಟಿನ ಕೆಳಗೇ ಇದೆ. ರೇಡಿಯೇಟರಿಗೆ ಹಾಕುವ ಹಸಿರು ಕೂಲಂಟ್! ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಒಂದನ್ನೇ ಇಟ್ಟರೆ ಮೈನಸ್ 13ರ ಆಸುಪಾಸಿನಲ್ಲಿ ಗಟ್ಟಿ. ನೀರೊಂದನ್ನೇ ಇಟ್ಟರೆ ಸೊನ್ನೆಗೆ ಗಟ್ಟಿ. ಎರಡನ್ನೂ 60ಕ್ಕೆ 40ರಂತೆ ಬೆರೆಸಿದರೆ? ಎರಡರ ನಡುವೆ ಎಲ್ಲೋ, ಮೈನಸ್ ಏಳೆಂಟು ಅಂದುಕೊಂಡಿರಿ ತಾನೆ? ಮೈನಸ್ 45ರಲ್ಲೂ ಅದು ಗಟ್ಟಿಯಾಗುವುದಿಲ್ಲ! ಇಬ್ಬರು ಸೋತವರು ಕೂಡಿ ಗೆದ್ದ ಕತೆ ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಚೆಂದದ್ದು ನನಗೆ ಕಂಡಿಲ್ಲ. ಅದು ವಿಷ, ಬಾಗಿಲಿಗೆ ಸುರಿಯಲು ಹೋಗಬೇಡಿ. ಉಪ್ಪೂ ಬೇಡ. ಅದರ ಆಟ ಮೈನಸ್ 21ರವರೆಗೆ ಮಾತ್ರ, ಮೇಲಾಗಿ ತಗಡನ್ನು ತಿನ್ನುತ್ತದೆ.

ಸರಿ. ಒಗಟಿಗೆ ಬರೋಣ. ಅದಕ್ಕೆ ಮಿನ್ನೆಸೋಟ ಬೇಡ, ಊಟಿ ಸಾಕು.

ಮೈಸೂರಿನಿಂದ ಸುಮಾರು 125 ಕಿಲೋಮೀಟರ್. ಡಿಸೆಂಬರ್, ಜನವರಿಯಲ್ಲಿ ಅಲ್ಲಿಗೆ ಹೋದ ಕೆಎ ನಂಬರಿನ ಕಾರುಗಳ ನೆತ್ತಿ ಬೆಳಗ್ಗೆ ಬೆಳ್ಳಗಿರುತ್ತದೆ. ಅಲ್ಲಿನ ತಲೈಕುಂದಾ ಬಯಲಿನ ಹುಲ್ಲೆಲ್ಲ ಬಿಳಿ. ಉಗುರಿನಿಂದ ಕೆರೆದರೆ ಪುಡಿ ಪುಡಿ ಹಿಮ! ಹಿಮ ಕಟ್ಟಿದೆ ಅಂದಮೇಲೆ ಗಾಳಿಯೂ ಸೊನ್ನೆಗಿಂತ ಕೆಳಗಿರಬೇಕಲ್ಲ? ಇರಬೇಕೆಂದೇನಿಲ್ಲ! ಗಾಳಿ 2–3 ಡಿಗ್ರಿ ಇದ್ದಾಗಲೂ ಕಾರಿನ ಮೇಲೆ ಹಿಮ ಕಟ್ಟುತ್ತದೆ.



ಗಾಳಿಗಿಂತ ಕಾರು ಹೆಚ್ಚು ತಣ್ಣಗಾಯಿತು! ತಣ್ಣಗೆ ಮಾಡಿದ್ದು ಗಾಳಿಯಲ್ಲ. ಹಾಗಾದರೆ ಯಾರು?

ಆಕಾಶ!

ತಮಾಷೆಯಲ್ಲ. ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಅತಿಗೆಂಪು ಕಿರಣಗಳಾಗಿ ಶಾಖ ಸೂಸುತ್ತಲೇ ಇರುತ್ತದೆ. ನೀವೂ, ನಾನೂ, ಕಾರೂ. 8ರಿಂದ 13 ಮೈಕ್ರಾನ್ ಅಲೆಯುದ್ದದ ಕಿರಣಗಳಿಗೆ ನಮ್ಮ ವಾತಾವರಣ ತೆರೆದ ಕಿಟಕಿ ಇದ್ದಂತೆ. ಮೋಡವಿಲ್ಲದ ಒಣ ರಾತ್ರಿಯಲ್ಲಿ ಆ ಕಿಟಕಿಯಿಂದ ಕಾರಿನ ಶಾಖ ನೇರ ಬಾಹ್ಯಾಕಾಶಕ್ಕೆ ಪರಾರಿ! ಅಲ್ಲಿನ ಥಂಡಿ ಎಷ್ಟು? ಮೈನಸ್ 270 ಡಿಗ್ರಿ! ಬೇವಿನ ಕೆಳಗಿನ ಕಾರಿಗೆ ಕಾಣುವುದು ಆಕಾಶವಲ್ಲ, ಎಲೆಗಳು. ಅವು ಗಾಳಿಯಷ್ಟೇ ಬೆಚ್ಚಗಿದ್ದು, ತಮ್ಮ ಶಾಖವನ್ನು ಕಾರಿಗೂ ಕೊಡುತ್ತವೆ. ಲೆಕ್ಕ ಚುಕ್ತಾ. ಕಾರು ಒಣ ಒಣ! ಕಮಲಾಪುರದ ಕಡೆ ದಟ್ಟ ಬಾಳೆ ತೋಟದೊಳಗಿನ ನೆಲ ನೋಡಿ, ಪಕ್ಕದ ಕಡಲೆ ಹೊಲಕ್ಕೆ ಕಾಲಿಡಿ. ವ್ಯತ್ಯಾಸ ನಿಮ್ಮ ಪಾದಕ್ಕೇ ಗೊತ್ತಾಗುತ್ತದೆ.

ಆಕಾಶದ ಈ ಥಂಡಿಯನ್ನು ಬಳಸಿ ನಮ್ಮವರು ಏನು ಮಾಡುತ್ತಿದ್ದರು ಗೊತ್ತೇ? ಫ್ರಿಜ್ಜಿಲ್ಲದ ಕಾಲದಲ್ಲಿ ಬಯಲಲ್ಲೇ ಮಂಜುಗಡ್ಡೆ ತಯಾರಿಸುತ್ತಿದ್ದರು! ಹಿಮಾಲಯದಲ್ಲಲ್ಲ, ಅಲಹಾಬಾದಿನ ಸಮತಟ್ಟು ನೆಲದಲ್ಲಿ. ರಾಬರ್ಟ್ ಬಾರ್ಕರ್ ಎಂಬ ಬ್ರಿಟಿಷ್ ಅಧಿಕಾರಿ ಕಣ್ಣಾರೆ ಕಂಡದ್ದನ್ನು 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದ. ನೆಲದಲ್ಲಿ ಎರಡಡಿ ಆಳದ ಗುಂಡಿ. ತಳಕ್ಕೆ ಒಣಗಿದ ದಂಟಿನ ದಪ್ಪ ಹಾಸು. ಅದರ ಮೇಲೆ ಸಾಲು ಸಾಲು ಮಣ್ಣಿನ ತಟ್ಟೆ, ಕಾಸಿ ಆರಿಸಿದ ನೀರು. ಸಂಜೆ ಇಟ್ಟು ಸೂರ್ಯ ಹುಟ್ಟುವ ಮೊದಲೇ ಎತ್ತಿದರೆ ಮಂಜುಗಡ್ಡೆ! ಆ ಊರಿನ ಕೆರೆ ಹೊಂಡಗಳಲ್ಲಿ ಸಹಜವಾಗಿ ಮಂಜುಗಟ್ಟಿದ್ದನ್ನು ಅವನು ಕಂಡೇ ಇರಲಿಲ್ಲ. ದಂಟಿನ ಹಾಸು ನೆಲದ ಬಿಸಿಯನ್ನು ತಡೆಯಿತು. ಮಣ್ಣಿನ ತಟ್ಟೆಯಿಂದ ಒಂದಿಷ್ಟು ನೀರು ಆವಿಯಾಗಿ ತಂಪು ತಂತು. ಉಳಿದ ದೊಡ್ಡ ಕೆಲಸ ಆಕಾಶದ್ದು. ವಿಲಿಯಂ ವೆಲ್ಸ್ ಎಂಬ ವೈದ್ಯ 1814ರಲ್ಲಿ ಇಬ್ಬನಿಯ ಮೇಲೆ ಪುಸ್ತಕವನ್ನೇ ಬರೆದು ಈ ಗುಟ್ಟು ಬಿಚ್ಚಿದ. ಅಲಹಾಬಾದಿನ ಕೆಲಸಗಾರರು ಅಷ್ಟರೊಳಗೆ ಎಷ್ಟು ಮಂಜುಗಡ್ಡೆ ಮಾಡಿದ್ದರೋ!

ನಮಗೂ ಇದು ಹೊಸದೇನಲ್ಲ. ಬೇಸಿಗೆಯಲ್ಲಿ ಶಹಾಬಾದ ಕಲ್ಲಿನ ಮಾಳಿಗೆಗೆ ನೀರು ಹೊಡೆದು ಮಲಗಿದವರು ನೆನಪು ಮಾಡಿಕೊಳ್ಳಿ. ಮಲಗುವಾಗ ಸೆಕೆ. ಬೆಳಗಿನ ಜಾವಕ್ಕೆ ಕೌದಿ ಎಳೆದುಕೊಳ್ಳಬೇಕು! ಅದೇ ಆಕಾಶ, ಅದೇ ಕಿಟಕಿ. ಚಳಿಗಾಲದ ರಾತ್ರಿ ಕಡಲೆ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ ಕಡಲೆ ಹುಳಿ ತೆಗೆಯುವ ರೂಢಿ ಇದೆಯಲ್ಲ? ಗಿಡದ ಎಲೆಯ ಹುಳಿ ಇಬ್ಬನಿಯಲ್ಲಿ ಕರಗಿ ಬಟ್ಟೆಗೆ ಇಳಿಯುತ್ತದೆ. ಹೊಟ್ಟೆನೋವಿಗೆ ಅಜ್ಜಿ ಕೊಡುತ್ತಿದ್ದ ಮದ್ದಿಗೂ ಮಿನ್ನೆಸೋಟದ ಕಾರಿನ ಗಾಜಿನ ಮೇಲಿನ ಹಿಮಕ್ಕೂ ಕಾರಣ ಒಂದೇ ಅಂದರೆ ನಂಬ್ತೀರಾ? ನಂಬಲೇಬೇಕು!

ರಾತ್ರಿ ಸರಿ, ಹಗಲು? ಉರಿ ಬಿಸಿಲಲ್ಲೂ ಆಕಾಶ ತಂಪು ಮಾಡಬಲ್ಲದೇ? "ಸಾಧ್ಯವೇ ಇಲ್ಲ" ಅನ್ನಬೇಡಿ. 2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಸ್ವತ್ ರಾಮನ್, ಶಾನ್‌ಹುಯ್ ಫಾನ್ ಮತ್ತು ಸಂಗಡಿಗರು ಒಂದು ಫಲಕ ಮಾಡಿದರು. ಬಿಸಿಲನ್ನು ಹೆಚ್ಚುಕಮ್ಮಿ ಪೂರ್ತಿ ವಾಪಸ್ ಕಳಿಸಿ, ತನ್ನ ಶಾಖವನ್ನು ಆ ಕಿಟಕಿಯಿಂದ ಹೊರಗೆ ತೂರುವ ಫಲಕ. ನಟ್ಟನಡು ಬಿಸಿಲಲ್ಲಿ, ಒಂದು ಯೂನಿಟ್ ಕರೆಂಟೂ ಇಲ್ಲದೆ, ಅದು ಸುತ್ತಲಿನ ಗಾಳಿಗಿಂತ ಸುಮಾರು 5 ಡಿಗ್ರಿ ತಣ್ಣಗಿತ್ತು! ಇಂಥದು ಬೇಕಾಗಿರುವುದು ಮಿನ್ನೆಸೋಟಕ್ಕಲ್ಲ, ಕಲಬುರಗಿಗೆ. ನನ್ನ ಕೇಳಿದರೆ ಮೊದಲ ಫಲಕವನ್ನು ನಮ್ಮ ಬಸ್ ಸ್ಟ್ಯಾಂಡಿನ ಮೇಲೇ ಹಾಕಬೇಕು.

ಮತ್ತೆ ಚಳಿನಾಡಿನ ಕಾರಿಗೆ ಬರೋಣ. ಅದಕ್ಕೆ ಆಕಾಶ ಕಾಣದಂತೆ ಮಾಡಿದರೆ ಅರ್ಧ ಕೆಲಸ ಆದಂತೆ. ಗಾಜಿನ ಮೇಲೆ ಒಂದು ಹಳೆ ಬೆಡ್‌ಶೀಟ್ ಹಾಸಿದರೂ ಸಾಕು, ಹಿಮ ಗಾಜಿಗೆ ಹತ್ತುವುದಿಲ್ಲ. ರಾತ್ರಿ ಗೋಡೆಯ ಮಗ್ಗುಲಿಗೆ, ಮಾಡಿನ ಕೆಳಗೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಆದರೆ ಹ್ಯಾಂಡಲ್ಲಿನ ಸಂದಿಗೆ ಇಳಿದ ನೀರಿಗೆ ಈ ಉಪಾಯ ನಡೆಯುವುದಿಲ್ಲ. ಅದನ್ನು ಸಂಜೆಯೇ ಒರೆಸಿ, ರಬ್ಬರ್ ಪಟ್ಟಿಗೆ ಸಿಲಿಕೋನ್ ಸ್ಪ್ರೇ ಹೊಡೆದಿಡಬೇಕು.

ನಿಮ್ಮ ಮಗನೋ ಮಗಳೋ ಟೊರೊಂಟೊ, ಶಿಕಾಗೊ ಕಡೆ ಇದ್ದರೆ ಇವತ್ತೇ ಫೋನ್ ಹಚ್ಚಿ ಹೇಳಿ. ಕುದಿಯುವ ನೀರು ಬೇಡ. ಜಗ್ಗಬೇಡ, ನೂಕು. ಸ್ಯಾನಿಟೈಸರ್ ಬಾಟಲಿ ಸದಾ ಹತ್ತಿರ ಇರಲಿ. ಆದರೆ ಒಂದು ಮಾತು, ಅದನ್ನು ಕಾರಿನೊಳಗೆ ಇಡಬೇಡ. ಜೇಬಿನಲ್ಲಿ ಇಟ್ಟುಕೋ!