ಪುಸ್ತಕಕ್ಕೆ ಏರದ ಸಾವುಗಳು

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಂಥ ಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ಊರಿಗೆಲ್ಲ ತಿಳಿಯುತ್ತದೆ. ದೇಶಕ್ಕೆ ತಿಳಿಯಬೇಕಾದರೆ ಮಾತ್ರ ಆ ಸಾವು ನೋಂದಣಿಯಾಗಬೇಕು. 1969ರ ಕಾಯ್ದೆ ಅದಕ್ಕೆ 21 ದಿನಗಳ ಗಡುವು ಕೊಟ್ಟಿದೆ. ಸಾಂಕ್ರಾಮಿಕವೊಂದು ಎಷ್ಟು ಜನರನ್ನು ಬಲಿ ತೆಗೆದುಕೊಂಡಿತೆಂಬ ಲೆಕ್ಕ ಶುರುವಾಗುವುದು ಇಲ್ಲಿಂದಲೇ.

ರೋಗದ ಹೆಸರು ಬರೆದ ಸಾವುಗಳನ್ನಷ್ಟೇ ಕೂಡಿದರೆ, ಪರೀಕ್ಷೆಯಾಗದೆ ಮನೆಯಲ್ಲೇ ಸತ್ತವರು, ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ ಹೃದ್ರೋಗಿಗಳು ಬಿಟ್ಟುಹೋಗುತ್ತಾರೆ. ಆದ್ದರಿಂದ ತಜ್ಞರು ಕಾರಣವನ್ನು ಕೇಳುವುದಿಲ್ಲ. ಹಿಂದಿನ ವರ್ಷಗಳನ್ನು ನೋಡಿ ಎಷ್ಟು ಸಾವು ಸಹಜವೆಂದು ಅಂದಾಜಿಸಿ, ಒಟ್ಟು ಸಾವುಗಳಿಂದ ಅದನ್ನು ಕಳೆಯುತ್ತಾರೆ. ಉಳಿದದ್ದೇ ಹೆಚ್ಚುವರಿ ಸಾವು.

ಭಾರತದಲ್ಲಿ 2019ರಲ್ಲಿ 76.4 ಲಕ್ಷ ಸಾವುಗಳು ನೋಂದಣಿಯಾದವು, 2021ರಲ್ಲಿ 1.02 ಕೋಟಿ. ಆ ವರ್ಷ ಸರ್ಕಾರ ಕೋವಿಡ್ ಸಾವೆಂದು ಎಣಿಸಿದ್ದು ಸುಮಾರು 3.3 ಲಕ್ಷ. ಅಂತರವೆಲ್ಲ ಕೋವಿಡ್‌ನದೇ ಎನ್ನುವಂತಿಲ್ಲ, ನೋಂದಣಿಯೂ ಸುಧಾರಿಸುತ್ತಿತ್ತು. ಆದರೆ ಇಷ್ಟು ದೊಡ್ಡ ಜಿಗಿತಕ್ಕೆ ಅದೊಂದೇ ಸಮಾಧಾನ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2020 ಮತ್ತು 2021ಕ್ಕೆ ಸೇರಿಸಿ 47 ಲಕ್ಷವೆಂದಿತು. ಸರ್ಕಾರ ಒಪ್ಪಲಿಲ್ಲ.

ಪುಸ್ತಕವೇ ಕೈಕೊಟ್ಟರೆ? 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಎಷ್ಟೋ ಕಡೆ ಸಾವು ಬರೆಯಬೇಕಾದವರೇ ಹಾಸಿಗೆ ಹಿಡಿದಿದ್ದರು. ಬಳಿಕ ನೆರವಾದದ್ದು ಜನಗಣತಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1911ರಲ್ಲಿ 58.06 ಲಕ್ಷ, 1921ರಲ್ಲಿ 59.79 ಲಕ್ಷ. ಹೆಚ್ಚಿದ್ದು ಶೇಕಡ 3 ಮಾತ್ರ; ಹಿಂದಿನ ದಶಕದಲ್ಲಿ, ಪ್ಲೇಗಿನ ನಡುವೆಯೂ, ಶೇಕಡ 5ರಷ್ಟು ಹೆಚ್ಚಿತ್ತು. ಹುಟ್ಟುಗಳ ಇಳಿಕೆಯೂ ಇದರಲ್ಲಿ ಸೇರಿದೆಯೆನ್ನಿ.

ಕೋವಿಡ್ ಕಾಲಕ್ಕೆ ಆ ಆಸರೆಯೂ ದೊರೆಯಲಿಲ್ಲ. 2021ರಲ್ಲಿ ಆಗಬೇಕಿದ್ದ ಜನಗಣತಿಯನ್ನೇ ಮುಂದೂಡಲಾಯಿತು.