ಸ್ಟಿಲ್ಟ್ ಪಾರ್ಕಿಂಗ್ ಗೋದಾಮಲ್ಲ: ಬಿಸಿಲು ಏರುವ ಮುನ್ನ ಅಪಾರ್ಟ್‌ಮೆಂಟ್‌ನ ಕೆಳಭಾಗ ಖಾಲಿ ಮಾಡಬೇಕಾದ್ದು ಏಕೆ?

ವಸಂತ ಬಂತೆಂದರೆ ಯೂಟ್ಯೂಬ್ ತುಂಬ ಗ್ಯಾರೇಜ್ ಜೋಡಿಸುವ ವಿಡಿಯೊಗಳು. ಗೋಡೆಗೆ ಸಾಲಾಗಿ ಕೊಕ್ಕೆ, ಪಾರದರ್ಶಕ ಡಬ್ಬಿಗಳು, ಅದರ ಮೇಲೆ ಲೇಬಲ್. ನಮ್ಮಲ್ಲಿ ಗ್ಯಾರೇಜ್ ಎಂದರೆ ಬೈಕ್ ರಿಪೇರಿ ಅಂಗಡಿ ಅಷ್ಟೆ. ಹೈದರಾಬಾದ್‌ನ ನಾಚಾರಂನಂಥ ಬಡಾವಣೆಯಲ್ಲಿ ಅಪಾರ್ಟ್‌ಮೆಂಟ್‌ನಲ್ಲಿರುವ ಕುಟುಂಬಕ್ಕೆ ಗ್ಯಾರೇಜ್ ಇರುವುದಿಲ್ಲ. ಇರುವುದು ಕಂಬಗಳ ಮೇಲೆ ನಿಂತ ಕಟ್ಟಡದ ಕೆಳಗಿನ ಸ್ಟಿಲ್ಟ್ ಪಾರ್ಕಿಂಗ್, ಇಲ್ಲವೇ ನೆಲದಡಿಯ ಸೆಲ್ಲಾರ್.

ಅಲ್ಲಿ ಕಾರಿನ ಜತೆಗೆ ಇನ್ನೂ ಏನೇನಿರುತ್ತದೆ ಎಂದು ಒಮ್ಮೆ ಇಳಿದು ನೋಡಿ. ಸವೆದ ಟೈರು, ಮಗು ಬಳಸಿ ಬಿಟ್ಟ ಸೈಕಲ್, ಅರ್ಧ ಉಳಿದ ಪೇಂಟ್ ಡಬ್ಬಿ, ಮನೆ ಬದಲಿಸಿದಾಗ ಬಂದ ರಟ್ಟಿನ ಪೆಟ್ಟಿಗೆಗಳು, ಸ್ಟಾರ್ಟ್ ಆಗದ ಸ್ಕೂಟರ್, ಮೆಟ್ಟಿಲ ಕೆಳಗೆ ಹಾಸಿಗೆ. ಯುಗಾದಿಗೆ ಮನೆಯೊಳಗಿನ ಧೂಳು ಹೊಡೆಯುತ್ತೇವೆ, ಅಟ್ಟ ಇಳಿಸುತ್ತೇವೆ. ಬೇಡವೆನಿಸಿದ್ದು ನೇರ ಕೆಳಗೆ ಹೋಗುತ್ತದೆ. ಹೀಗಾಗಿ ಹಬ್ಬದ ನಂತರವೇ ಈ ಜಾಗ ಹೆಚ್ಚು ತುಂಬಿರುವುದು.

ಆ ಜಾಗ ಯಾರದ್ದು?

'ನನ್ನ ಪಾರ್ಕಿಂಗ್, ನನ್ನ ಸಾಮಾನು' ಎಂಬ ವಾದ ಪ್ರತಿ ಅಪಾರ್ಟ್‌ಮೆಂಟ್‌ನಲ್ಲೂ ಕೇಳಿಬರುತ್ತದೆ. ಕಾನೂನು ಅಷ್ಟು ಸರಳವಾಗಿಲ್ಲ. ಮುಂಬೈನ ಪಾಂಚಾಲಿ ಹೌಸಿಂಗ್ ಸೊಸೈಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪು ನೀಡಿ, ಸ್ಟಿಲ್ಟ್ ಪಾರ್ಕಿಂಗ್ ಗ್ಯಾರೇಜ್ ಅಲ್ಲ, ಅದು ಕಟ್ಟಡದ ಸಾಮಾನ್ಯ ಪ್ರದೇಶದ ಭಾಗ, ಬಿಲ್ಡರ್ ಅದನ್ನು ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದಿತ್ತು. ಅದು ಮಹಾರಾಷ್ಟ್ರದ ಕಾಯ್ದೆಯಡಿ ಬಂದ ತೀರ್ಪು. ಆದರೆ ದೇಶಕ್ಕೆಲ್ಲ ಅನ್ವಯವಾಗುವ 2016ರ ರೇರಾ ಕಾಯ್ದೆಯೂ ಗ್ಯಾರೇಜ್ ಎಂದರೇನು ಎಂಬುದನ್ನು ಹೇಳಿದೆ: ಮೇಲೆ ಚಾವಣಿ, ಮೂರು ಕಡೆ ಗೋಡೆ ಇರಬೇಕು. ನಾಲ್ಕು ಕಂಬಗಳ ನಡುವೆ ಬಳಿದ ಬಿಳಿ ಗೆರೆ ಆ ಲೆಕ್ಕಕ್ಕೆ ಬರುವುದಿಲ್ಲ.

ಹೈದರಾಬಾದ್‌ಗೆ ಅನ್ವಯವಾದ 2012ರ ಕಟ್ಟಡ ನಿಯಮಗಳೂ ಪಾರ್ಕಿಂಗ್‌ಗೆಂದು ಮಂಜೂರಾದ ಜಾಗವನ್ನು ಬೇರೆ ಉದ್ದೇಶಕ್ಕೆ ಬಳಸುವುದನ್ನು ಒಪ್ಪುವುದಿಲ್ಲ. ಅಂದರೆ ನಿಮಗೆ ಹಂಚಿಕೆಯಾದ ಜಾಗದಲ್ಲಿ ಗಾಡಿ ನಿಲ್ಲಿಸಬಹುದು. ಗೋದಾಮು ಮಾಡುವಂತಿಲ್ಲ.

ಕೆಳಗೆ ಹೊತ್ತಿದ್ದು ಮೇಲಿನವರನ್ನು ಕೊಂದಿತು

ನಿಯಮಕ್ಕಿಂತ ದೊಡ್ಡ ಕಾರಣ ಬೆಂಕಿ. 2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದ್‌ನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯೊಂದಕ್ಕೆ ಬೆಂಕಿ ಬಿತ್ತು. ಮಳಿಗೆ ಕಟ್ಟಡದ ಕೆಳಭಾಗದಲ್ಲಿತ್ತು, ಮೇಲೆ ಲಾಡ್ಜ್. ಎಂಟು ಮಂದಿ ಸತ್ತರು. ಮರುವರ್ಷ ನವೆಂಬರ್ 13ರಂದು ನಾಂಪಲ್ಲಿಯ ಬಜಾರ್‌ಘಾಟ್‌ನಲ್ಲಿ ವಸತಿ ಕಟ್ಟಡವೊಂದು ಹೊತ್ತಿ ಉರಿಯಿತು. ನೆಲಮಹಡಿಯಲ್ಲಿ ರಾಸಾಯನಿಕದ ಡ್ರಮ್‌ಗಳನ್ನು ಇಡಲಾಗಿತ್ತು. ಅಲ್ಲೇ ಕಾರು ರಿಪೇರಿ ಮಾಡುವಾಗ ಹಾರಿದ ಕಿಡಿಯಿಂದ ಬೆಂಕಿ ಹೊತ್ತಿತು ಎಂದು ಆಗಿನ ಪ್ರಾಥಮಿಕ ವರದಿಗಳು ಹೇಳಿದ್ದವು. ಅಂದು ಒಂಬತ್ತು ಮಂದಿ ಮೃತಪಟ್ಟರು.

ಎರಡೂ ಕಡೆ ಬೆಂಕಿ ಶುರುವಾದದ್ದು ಕೆಳಗೆ, ಜನ ಇದ್ದದ್ದು ಮೇಲೆ. ಬಿಸಿ ಹೊಗೆ ಮೇಲಕ್ಕೆ ಏರುತ್ತದೆ, ಅದಕ್ಕೆ ಮೆಟ್ಟಿಲಿನ ಜಾಗವೇ ಚಿಮಣಿ. ತಪ್ಪಿಸಿಕೊಳ್ಳಲು ಇರುವ ದಾರಿಯೂ ಅದೊಂದೇ. ನಮ್ಮ ಕಟ್ಟಡದಲ್ಲಿ ರಾಸಾಯನಿಕ ಇಲ್ಲವಲ್ಲ ಎನ್ನಬಹುದು. ಪೇಂಟ್ ಥಿನ್ನರ್, ಸೀಸೆಯಲ್ಲಿಟ್ಟ ಪೆಟ್ರೋಲ್, ಸೀಮೆಎಣ್ಣೆ ರಾಸಾಯನಿಕಗಳೇ. ಪೆಟ್ರೋಲ್ ಮತ್ತು ಥಿನ್ನರ್‌ನ ಆವಿ ಗಾಳಿಗಿಂತ ಭಾರ. ಗಾಳಿಯಾಡದ ಸೆಲ್ಲಾರ್‌ನಲ್ಲಿ ಅದು ನೆಲಮಟ್ಟದಲ್ಲೇ ನಿಂತು ಕಿಡಿಗೆ ಕಾಯುತ್ತದೆ. ಅಡುಗೆ ಅನಿಲವೂ ಹಾಗೆಯೇ, ಆದ್ದರಿಂದ ಹೆಚ್ಚುವರಿ ಸಿಲಿಂಡರನ್ನು ಸೆಲ್ಲಾರ್‌ನಲ್ಲಿ ಇಡಲೇಬೇಡಿ. ಹಾಸಿಗೆಯ ಫೋಮ್ ಮತ್ತು ಟೈರು ಉರಿದರೆ ಬರುವ ಹೊಗೆಯಂತೂ ವಿಷ.

ಇನ್ನೊಂದು ಮಾತು ಹೇಳಲೇಬೇಕು. ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ವಾಚ್‌ಮನ್ ಕುಟುಂಬ ವಾಸಿಸುವುದು ಇದೇ ಪಾರ್ಕಿಂಗ್‌ನ ಮೂಲೆಯ ಕೋಣೆಯಲ್ಲಿ. ಮೂರನೇ ಮಹಡಿಯವರ ಹಳೆ ಸೋಫಾ ಅವರ ಬಾಗಿಲಿಗೆ ಅಡ್ಡ ನಿಂತಿರುತ್ತದೆ. 'ಸಾಮಾನು ತೆಗೆಯಿರಿ' ಎಂದು ಮಾಲೀಕರಿಗೆ ಹೇಳುವ ಸ್ಥಿತಿಯಲ್ಲಿ ಅವರಿರುವುದಿಲ್ಲ.

ಶುರು ಮಾಡುವುದು ಎಲ್ಲಿಂದ?

ವಿಡಿಯೊಗಳಲ್ಲಿ ಮೊದಲು ಕಪಾಟು, ಡಬ್ಬಿ ಕೊಳ್ಳಿ ಎನ್ನುತ್ತಾರೆ. ಇಲ್ಲಿ ಅದು ಕೊನೆಯ ಕೆಲಸ, ಬಹುತೇಕ ಬೇಕಾಗುವುದೇ ಇಲ್ಲ. ಮೊದಲು ಅಸೋಸಿಯೇಷನ್‌ನ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಪ್ರತಿ ಮೂಲೆಯ ಫೋಟೊ ಹಾಕಿ, ಯಾರದು ಎಂದು ಕೇಳಿ, ವಾರದ ಗಡುವು ಕೊಡಿ. ಊರಿಗೆ ಹೋದವರಿಗೆ, ಬಾಡಿಗೆಗೆ ಕೊಟ್ಟು ಬೇರೆಡೆ ಇರುವ ಮಾಲೀಕರಿಗೆ ಫೋನ್ ಮಾಡಿ. ಹೇಳದೆ ಕೇಳದೆ ಎಸೆದರೆ ಜಗಳ ಖಚಿತ.

ಭಾನುವಾರ ಬೆಳಗ್ಗೆ ಬಿಸಿಲೇರುವ ಮೊದಲು ಕೈಗವಸು ಹಾಕಿಕೊಂಡು, ಕೋಲಿನಿಂದ ತಟ್ಟಿ ನೋಡಿ ಸಾಮಾನು ಸರಿಸಿ. ತಿಂಗಳುಗಟ್ಟಲೆ ಅಲುಗಾಡದ ರಾಶಿಯಲ್ಲಿ ಚೇಳು, ಹಾವು ಸೇರಿಕೊಂಡಿರಬಹುದು. ಮೊದಲು ಮೆಟ್ಟಿಲ ಕೆಳಗೆ, ಆಮೇಲೆ ವಿದ್ಯುತ್ ಮೀಟರ್ ಬೋರ್ಡ್ ಸುತ್ತ. ಬೇಸಿಗೆಯಲ್ಲಿ ಎಸಿ, ಕೂಲರ್‌ಗಳ ಲೋಡ್ ಏರುವುದರಿಂದ ಮೀಟರ್ ಎದುರು ಕನಿಷ್ಠ ಮೂರು ಅಡಿ ಜಾಗ ಖಾಲಿ ಇರಲಿ. ಎಲೆಕ್ಟ್ರಿಕ್ ಸ್ಕೂಟರ್‌ನ ಚಾರ್ಜಿಂಗ್ ಪಾಯಿಂಟ್ ಮೆಟ್ಟಿಲ ಬಾಯಲ್ಲಿದ್ದರೆ ಹೊರಗೋಡೆಯ ಕಡೆಗೆ ಬದಲಿಸಿ.

ಕೂಲರ್, ಟೈರು ಮತ್ತು ಒಣ ಮೊಟ್ಟೆ

ಹೈದರಾಬಾದ್‌ನಲ್ಲಿ ಮಾರ್ಚ್ ಎಂದರೆ ಕೂಲರ್ ಹೊರಬರುವ ತಿಂಗಳು. ವರ್ಷವಿಡೀ ಬಾಲ್ಕನಿಯಲ್ಲೋ ಟೆರೇಸ್‌ನಲ್ಲೋ ಬಿದ್ದಿದ್ದ ಅದಕ್ಕೆ ಹಾಗೆಯೇ ನೀರು ತುಂಬಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಅಂಚಿಗೆ, ತೊಟ್ಟಿಯ ಒಳಗೋಡೆಗೆ ಅಂಟಿಸಿದಂತೆ. ನೀರು ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಸೋಕಿದಾಗ ಒಡೆಯುತ್ತವೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಬ್ರಷ್‌ನಿಂದ ಒಳಗೋಡೆಯನ್ನು ಉಜ್ಜಬೇಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಎನ್ನುವುದು ಇದೇ ಲೆಕ್ಕದಲ್ಲಿ.

ಟೈರು ಇನ್ನೂ ಕೆಟ್ಟದ್ದು. ಹೇಗೆ ಇಟ್ಟರೂ ಒಳಗೆ ನೀರು ನಿಲ್ಲುತ್ತದೆ, ಉಜ್ಜಲು ಕೈ ಸೇರುವುದಿಲ್ಲ. ಕೊಟ್ಟುಬಿಡುವುದೇ ದಾರಿ. (ಮಲೇರಿಯಾ ಪರಾವಲಂಬಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಮೊದಲು ಕಂಡದ್ದು 1897ರಲ್ಲಿ, ಇದೇ ಸಿಕಂದರಾಬಾದ್‌ನಲ್ಲಿ. ಸೊಳ್ಳೆಯ ವಿಚಾರದಲ್ಲಿ ಈ ಊರಿಗೆ ಹೊಸ ಪಾಠ ಬೇಕಿಲ್ಲ.) ಕರ್ನಾಟಕದ ಓದುಗರು ಇದನ್ನು ಉಪದೇಶ ಎಂದುಕೊಳ್ಳಬೇಡಿ: 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ನಿಗದಿ ಮಾಡಿತ್ತು.

ತೆಗೆದದ್ದು ಎಲ್ಲಿಗೆ ಹೋಗಬೇಕು?

ಕಾಗದ, ಕಬ್ಬಿಣ, ಪ್ಲಾಸ್ಟಿಕ್‌ಗೆ ಗುಜರಿಯವರಿದ್ದಾರೆ. ಪೇಂಟ್ ಡಬ್ಬಿ, ಕೀಟನಾಶಕದ ಡಬ್ಬಿ, ಟ್ಯೂಬ್‌ಲೈಟ್‌ಗಳು ಮಾತ್ರ ಮನೆಯ ಅಪಾಯಕಾರಿ ತ್ಯಾಜ್ಯ ಎಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ಇವನ್ನು ಮೋರಿಗೆ ಸುರಿಯದೆ, ಸುಡದೆ, ಬೇರೆಯಾಗಿಯೇ ಕೊಡಬೇಕು. ಹಳೆ ಇನ್ವರ್ಟರ್ ಬ್ಯಾಟರಿಗೆ ಹೊಸದು ಕೊಳ್ಳುವಾಗ ಅಂಗಡಿಯಲ್ಲೇ ಬೆಲೆ ಸಿಗುತ್ತದೆ. ಕೆಟ್ಟ ಟಿವಿ, ಕಂಪ್ಯೂಟರ್‌ಗಳನ್ನು ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಡಿ. ಹಿಂದೆ ಏನು ತುಂಬಿದ್ದರೆಂದು ಗೊತ್ತಿಲ್ಲದ ಪ್ಲಾಸ್ಟಿಕ್ ಡ್ರಮ್ ಇದ್ದರೆ ಅದರಲ್ಲಿ ನೀರು ಹಿಡಿಯುವ ಆಸೆ ಬಿಡಿ.

ಧೂಳು ಹಿಡಿದು ನಿಂತ ಸ್ಕೂಟರ್‌ನ ಕಥೆ ಬೇರೆ. ಅದನ್ನು ಗುಜರಿಗೆ ಹಾಕಿದರೂ ಆರ್‌ಸಿ ರದ್ದಾಗುವವರೆಗೆ ದಾಖಲೆಯಲ್ಲಿ ಮಾಲೀಕರು ನೀವೇ. ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೆ ಕೊಟ್ಟು ಠೇವಣಿ ಪ್ರಮಾಣಪತ್ರ ಪಡೆದು, ಆರ್‌ಟಿಒದಲ್ಲಿ ನೋಂದಣಿ ರದ್ದು ಮಾಡಿಸಿ. ಅಲ್ಲಿಯವರೆಗೆ ಟ್ಯಾಂಕ್‌ನ ಪೆಟ್ರೋಲನ್ನು ಮೆಕ್ಯಾನಿಕ್‌ನಿಂದ ತೆಗೆಸಿ, ಬ್ಯಾಟರಿ ಸಂಪರ್ಕ ಬಿಡಿಸಿಡಿ.

ಕೆಳಗಿನದು ಮುಗಿದ ಮೇಲೆ ಟೆರೇಸ್ ಹತ್ತಿ. ಮಳೆಗಾಲಕ್ಕೂ ಮುನ್ನ, ಏಪ್ರಿಲ್-ಮೇ ತಿಂಗಳ ಸಂಜೆ ಬೀಸುವ ಬಿರುಗಾಳಿಗೆ ಸಡಿಲ ತಗಡು, ಪ್ಯಾರಪೆಟ್ ಮೇಲಿನ ಹೂಕುಂಡ ಹಾರಿ ರಸ್ತೆಯಲ್ಲಿ ಹೋಗುವವರ ತಲೆಗೆ ಬೀಳಬಹುದು. ಕುಂಡಗಳನ್ನು ಕೆಳಗಿಳಿಸಿ, ನೀರು ಹೋಗುವ ಕಿಂಡಿಯ ಎಲೆ, ಮಣ್ಣು ತೆಗೆಯಿರಿ. ಹಾಗೆಯೇ ಟೆರೇಸ್ ಬಾಗಿಲನ್ನೂ ನೋಡಿ. ಕೆಳಗಿನ ದಾರಿ ಹೊಗೆಯಿಂದ ಮುಚ್ಚಿದರೆ ಉಳಿಯುವುದು ಅದೊಂದೇ. ಕಳ್ಳರ ಭಯಕ್ಕೆ ಬೀಗ ಹಾಕಿ ಕೀಲಿಯನ್ನು ಅಧ್ಯಕ್ಷರ ಮನೆಯಲ್ಲಿ ಇಟ್ಟಿದ್ದರೆ, ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂಥ ಚಿಲಕ ಹಾಕಿಸಿ. ಬಡಗಿಗೆ ಅರ್ಧ ದಿನದ ಕೆಲಸ.