ಫೋನಿಗೆ ವೈರಸ್ ಬಂದಿಲ್ಲ, ನಾವೇ ಅನುಮತಿ ಕೊಟ್ಟಿದ್ದೇವೆ: ನೋಟಿಫಿಕೇಶನ್ ಕಾಟದ ಬಗ್ಗೆ ಆರು ತಪ್ಪು ಕಲ್ಪನೆಗಳು

ತಮಿಳುನಾಡಿನ ಸೇಲಂ ಜಿಲ್ಲೆಯ ನಂಗವಳ್ಳಿ, ವನವಾಸಿ, ಜಲಕಂಡಪುರಂ ಸುತ್ತಿನ ನೇಕಾರರ ಕನ್ನಡ ಮನೆಗಳಲ್ಲಿ, ಅತ್ತ ಧರ್ಮಪುರಿ ಕಡೆಯ ಹಳ್ಳಿಗಳಲ್ಲಿ, ಎಷ್ಟೋ ಸಲ ಒಂದೇ ಸ್ಮಾರ್ಟ್‌ಫೋನು ಇಡೀ ಮನೆಗೆ ದುಡಿಯುತ್ತದೆ. ಅಪ್ಪ ಅದರಲ್ಲಿ ಜಮೀನಿನ ಪಟ್ಟಾ-ಚಿಟ್ಟಾ ನೋಡುತ್ತಾರೆ, ಮಗಳು ಪರೀಕ್ಷೆಯ ಫಲಿತಾಂಶ ಹುಡುಕುತ್ತಾಳೆ, ಮಗ್ಗ ನಿಲ್ಲಿಸಿದ ಮೇಲೆ ಯಾರಾದರೊಬ್ಬರು ಸಿನಿಮಾ ಹಾಕಿಕೊಳ್ಳುತ್ತಾರೆ. ಇದ್ದಕ್ಕಿದ್ದಂತೆ ಒಂದು ದಿನ ಪರದೆಯ ಮೇಲಿನಿಂದ ಸಂದೇಶಗಳು ಸಾಲುಗಟ್ಟಿ ಇಳಿಯತೊಡಗುತ್ತವೆ. ಫೋನಿಗೆ ವೈರಸ್ ತಗುಲಿದೆ, ಬ್ಯಾಟರಿ ಹಾಳಾಗುತ್ತಿದೆ, ಸಾಲ ಮಂಜೂರಾಗಿದೆ, ಐಫೋನ್ ಬಹುಮಾನ ಬಂದಿದೆ. ಇವುಗಳ ನಡುವೆ ಮನೆಮಂದಿಯೆದುರು ನೋಡಲಾಗದ ಚಿತ್ರಗಳೂ ಬರುತ್ತವೆ. ಈ ಕಾಟದ ಬಗ್ಗೆ ಜನ ನಂಬಿರುವುದರಲ್ಲಿ ಬಹುಪಾಲು ತಪ್ಪು, ಆ ತಪ್ಪು ನಂಬಿಕೆಯೇ ಮೋಸಗಾರರ ಬಂಡವಾಳ. ನನ್ನ ವಾದ ಇಷ್ಟೇ: ಈ ಸಂದೇಶಗಳು ಬರುವುದು ನಾವೇ, ಹೆಚ್ಚಾಗಿ ಅರಿಯದೆ, ಕೊಟ್ಟ ಒಂದು ಅನುಮತಿಯ ಬಲದಿಂದ. ಹಾಗಾಗಿ ಅದನ್ನು ಹಿಂದಕ್ಕೆ ಪಡೆಯುವುದೇ ಇದಕ್ಕೆ ಮದ್ದು. ಆ ಕೆಲಸಕ್ಕೆ ಕಾಸು ಖರ್ಚಿಲ್ಲ, ಹೆಚ್ಚು ಹೊತ್ತೂ ಬೇಡ.

ತಪ್ಪು ಕಲ್ಪನೆ 1: ಫೋನಿಗೆ ವೈರಸ್ ಹೊಕ್ಕಿದೆ

ಕ್ರೋಮ್ ಬ್ರೌಸರು 2015ರ ಏಪ್ರಿಲ್‌ನಲ್ಲಿ, ಫೈರ್‌ಫಾಕ್ಸ್ 2016ರ ಜನವರಿಯಲ್ಲಿ ಜಾಲತಾಣಗಳಿಗೆ ಒಂದು ಹೊಸ ಸೌಲಭ್ಯ ಕೊಟ್ಟವು. ಓದುಗ ಪುಟವನ್ನು ಮುಚ್ಚಿದ ಮೇಲೂ ಅವನಿಗೆ ಸುದ್ದಿ ಮುಟ್ಟಿಸುವ ಸೌಲಭ್ಯ ಅದು. ಪತ್ರಿಕೆ ತಾಜಾ ಸುದ್ದಿ ತಿಳಿಸಲಿ, ಇಮೇಲ್ ಬಂದದ್ದು ಗೊತ್ತಾಗಲಿ ಎಂಬುದು ಇದರ ಉದ್ದೇಶ. ಅದಕ್ಕೆ ಬಳಕೆದಾರನ ಒಪ್ಪಿಗೆ ಬೇಕೆಂಬ ನಿಯಮವೂ ಜೊತೆಗೇ ಬಂತು. ಒಪ್ಪಿಗೆ ಸಿಕ್ಕ ಕೂಡಲೇ ಆ ತಾಣದ ಒಂದು ಸಣ್ಣ ಪ್ರೋಗ್ರಾಮು ಬ್ರೌಸರಿನೊಳಗೆ ನೆಲೆಯಾಗುತ್ತದೆ. ತಾಣದವರು ಕಳಿಸಿದ ಸಂದೇಶ ಬ್ರೌಸರ್ ಕಂಪನಿಯ ಸರ್ವರ್ ಹಾದು ನಿಮ್ಮ ಫೋನಿಗೆ ಇಳಿಯುತ್ತದೆ. ಮನೆಗೆ ಪೇಪರ್ ಹಾಕುವವನಿಗೆ ಒಮ್ಮೆ ಹೂಂ ಅಂದರೆ, ಬೇಡವೆಂದು ಹೇಳುವವರೆಗೂ ಅವನು ದಿನಾ ಹಾಕುತ್ತಲೇ ಇರುತ್ತಾನಲ್ಲ, ಈ ಏರ್ಪಾಡೂ ಅಂಥದ್ದೇ. ಇಲ್ಲಿ ಯಾರೂ ಬೀಗ ಒಡೆದು ಒಳಗೆ ಬಂದಿಲ್ಲ. ನಿಮ್ಮ ಫೋಟೋ, ಕಾಂಟ್ಯಾಕ್ಟ್, ಬ್ಯಾಂಕ್ ಆ್ಯಪ್‌ಗಳನ್ನು ನೋಡುವ ಅಧಿಕಾರವೂ ಈ ಅನುಮತಿಯಿಂದ ಅವರಿಗೆ ಸಿಗುವುದಿಲ್ಲ. ಸಿಗುವುದು ಸಂದೇಶ ತೋರಿಸುವ ಅಧಿಕಾರ ಮಾತ್ರ. ಹಾಗಾದರೆ ನಿಜವಾದ ವೈರಸ್ ಎಂಬುದೇ ಇಲ್ಲವೆ ಎಂದು ಕೇಳಬಹುದು. ಇದೆ. ಎಲ್ಲಿಂದಲೋ ಇಳಿಸಿಕೊಂಡ ಕೆಟ್ಟ ಆ್ಯಪ್ ಕೂಡ ಜಾಹೀರಾತು ಸುರಿಸಬಲ್ಲದು. ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಬಂದ ಸಂದೇಶವನ್ನು ತೆರೆಯದೆ, ಅದರ ಮೇಲೆ ಬೆರಳನ್ನು ಒತ್ತಿಹಿಡಿಯಿರಿ. ಕ್ರೋಮ್ ಅಥವಾ ಬೇರೆ ಬ್ರೌಸರಿನ ಹೆಸರು, ಪಕ್ಕದಲ್ಲಿ ಯಾವುದೋ ತಾಣದ ವಿಳಾಸ ಕಂಡರೆ ಅದು ಅನುಮತಿಯ ಕಾಟ. ನಿಮಗೆ ಗುರುತಿಲ್ಲದ ಆ್ಯಪ್‌ನ ಹೆಸರು ಕಂಡರೆ ಆ ಆ್ಯಪನ್ನೇ ಅನ್‌ಇನ್‌ಸ್ಟಾಲ್ ಮಾಡಬೇಕು.

ತಪ್ಪು ಕಲ್ಪನೆ 2: ‘ಅಲೌ’ ಒತ್ತದಿದ್ದರೆ ಪುಟ ತೆರೆಯುವುದಿಲ್ಲ

ಮೋಸದ ತಾಣಗಳು ನಿಂತಿರುವುದೇ ಈ ಒಂದು ನಂಬಿಕೆಯ ಮೇಲೆ. ಕದ್ದ ಸಿನಿಮಾ ತೋರಿಸುವ ತಾಣ, ಕ್ರಿಕೆಟ್ ಪಂದ್ಯ ಪುಕ್ಕಟೆ ಎನ್ನುವ ತಾಣ, ಸರ್ಕಾರಿ ತಾಣದಂತೆಯೇ ವೇಷ ಹಾಕಿದ ಫಲಿತಾಂಶದ ತಾಣ, ಎಲ್ಲವುಗಳ ಪಟ್ಟೂ ಒಂದೇ. ಪುಟದ ನಡುವೆ ಸುತ್ತುವ ಚಕ್ರ, ಇಲ್ಲವೇ ಒಂದು ರೋಬೋಟಿನ ಚಿತ್ರ. ಕೆಳಗೆ, ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೌ ಒತ್ತಿ, ವಿಡಿಯೋ ನೋಡಲು ಅಲೌ ಒತ್ತಿ, ವಯಸ್ಸು 18 ದಾಟಿದ್ದರೆ ಅಲೌ ಒತ್ತಿ ಎಂಬ ಸಾಲು. ಅದೇ ಹೊತ್ತಿಗೆ ಬ್ರೌಸರಿನದೇ ಆದ ಒಂದು ಚಿಕ್ಕ ಪೆಟ್ಟಿಗೆ ಮೂಡುತ್ತದೆ. ಇಂಥ ತಾಣ ನಿಮಗೆ ನೋಟಿಫಿಕೇಶನ್ ಕಳಿಸಲು ಬಯಸುತ್ತದೆ ಎಂದಷ್ಟೇ ಅದರಲ್ಲಿ ಬರೆದಿರುತ್ತದೆ. ಕೆಳಗೆ ಅಲೌ (ಒಪ್ಪಿಗೆ), ಬ್ಲಾಕ್ (ತಡೆ) ಎಂಬ ಎರಡು ಬಟನ್. ರೋಬೋಟ್, ವಿಡಿಯೋ, ವಯಸ್ಸು ಎಂಬ ಮಾತೇ ಆ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಪುಟ ಆಡುವ ಸುಳ್ಳಿಗೂ ಪೆಟ್ಟಿಗೆ ಕೇಳುವ ಪ್ರಶ್ನೆಗೂ ಸಂಬಂಧವಿಲ್ಲ, ಆದರೆ ಅವಸರದಲ್ಲಿರುವ ಕಣ್ಣು ಎರಡನ್ನೂ ಒಂದೇ ಎಂದು ಓದಿಬಿಡುತ್ತದೆ. ಅಸಲಿ ರೋಬೋಟ್ ಪರೀಕ್ಷೆ ಪುಟದೊಳಗೇ ಮುಗಿಯುತ್ತದೆ. ಚೌಕದಲ್ಲಿ ಗುರುತು ಹಾಕು, ಬಸ್ಸಿನ ಚಿತ್ರಗಳನ್ನು ಆರಿಸು, ಅಕ್ಷರ ಬರೆ ಎಂದು ಕೇಳುತ್ತದೆ. ನೋಟಿಫಿಕೇಶನ್ ಅನುಮತಿಯನ್ನು ಕೇಳುವುದಿಲ್ಲ. ಪಟ್ಟಾ ನೋಡುವುದಕ್ಕಾಗಲಿ, ಫಲಿತಾಂಶ ತಿಳಿಯುವುದಕ್ಕಾಗಲಿ, ಕರೆಂಟ್ ಬಿಲ್ ಕಟ್ಟುವುದಕ್ಕಾಗಲಿ ಈ ಅನುಮತಿಯ ಅಗತ್ಯವಿಲ್ಲ. ಸರ್ಕಾರಿ ಕೆಲಸಕ್ಕೆ ಹೋಗುವಾಗ ವಿಳಾಸದ ಕೊನೆಯಲ್ಲಿ ಜಿಓವಿ ಡಾಟ್ ಇನ್ ಅಥವಾ ಎನ್ಐಸಿ ಡಾಟ್ ಇನ್ ಇದೆಯೇ ಎಂದು ನೋಡಿಕೊಂಡರೆ ಅರ್ಧ ಅಪಾಯ ಅಲ್ಲೇ ಕಳೆಯುತ್ತದೆ. ಬ್ಲಾಕ್ ಒತ್ತಿದ ಮೇಲೂ ಪುಟ ತೆರೆಯದೆ ಹಟ ಹಿಡಿದರೆ, ಆ ತಾಣದಿಂದ ನಿಮಗೆ ಆಗಬೇಕಾದ್ದು ಏನೂ ಇಲ್ಲವೆಂದು ತಿಳಿದು ಮುಚ್ಚಿಬಿಡಿ.

ತಪ್ಪು ಕಲ್ಪನೆ 3: ಓದು ಬಾರದವರು ಮಾತ್ರ ಏಮಾರುತ್ತಾರೆ

ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಲೆಕ್ಕ ಇಲ್ಲಿ ನೆನಪಿಡಬೇಕಾದದ್ದು. ಒಂದು ತಿಂಗಳಲ್ಲಿ ಆ ಬ್ರೌಸರಿನಲ್ಲಿ ಅನುಮತಿಯ ಪೆಟ್ಟಿಗೆ ಸುಮಾರು 145 ಕೋಟಿ ಸಲ ಮೂಡಿತ್ತು. ಜನ ಒಪ್ಪಿದ್ದು ಅದರಲ್ಲಿ ಸುಮಾರು 2.4 ಕೋಟಿ ಸಲ. ಒಂದು ಒಪ್ಪಿಗೆಗೆ ಅರವತ್ತು ನಿರಾಕರಣೆ ಅಥವಾ ನಿರ್ಲಕ್ಷ್ಯ ಎಂದಾಯಿತು. ಇದರಿಂದ ಎರಡು ಸಂಗತಿ ಹೊರಡುತ್ತವೆ. ಜನರಿಗೆ ಈ ಪೆಟ್ಟಿಗೆ ಬೇಡವೇ ಬೇಡ. ಆದರೂ ಕೋಟಿಗಟ್ಟಲೆ ಸಲ ಕೇಳಿದರೆ ಕೋಟಿ ಲೆಕ್ಕದಲ್ಲೇ ಒಪ್ಪಿಗೆಗಳು ಬೀಳುತ್ತವೆ. ಮೋಸಗಾರನಿಗೆ ಅಷ್ಟು ಸಾಕು, ಏಕೆಂದರೆ ಒಬ್ಬೊಬ್ಬ ಚಂದಾದಾರನಿಗೂ ಒಂದೊಂದು ಕ್ಲಿಕ್ಕಿಗೂ ದುಡ್ಡು ಕೊಡುವ ಜಾಹೀರಾತು ಜಾಲಗಳಿವೆ. ಇಷ್ಟು ದೊಡ್ಡ ಬಲೆಯಲ್ಲಿ ಸಿಕ್ಕಿಬೀಳಲು ಅವಿದ್ಯೆ ಬೇಕಿಲ್ಲ, ಒಂದು ಕ್ಷಣದ ಅವಸರ ಸಾಕು. ಅದರಲ್ಲೂ ಮನೆಯಲ್ಲಿ ಕನ್ನಡವಾಡಿ, ಶಾಲೆಯಲ್ಲಿ ತಮಿಳು ಕಲಿತು, ಫೋನಿನಲ್ಲಿ ಇಂಗ್ಲಿಷ್ ಓದಬೇಕಾದವರಿಗೆ ಪೆಟ್ಟಿಗೆಯ ಸಣ್ಣಕ್ಷರ ತಟ್ಟನೆ ಮನಸ್ಸಿಗೆ ಹತ್ತದಿದ್ದರೆ ಅದು ದಡ್ಡತನವಲ್ಲ. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಅಶ್ಲೀಲ ಚಿತ್ರದ ನೋಟಿಫಿಕೇಶನ್ ಕಂಡೊಡನೆ, ಹುಡುಗ ಏನೋ ನೋಡಬಾರದ್ದನ್ನು ನೋಡಿದ್ದಾನೆ ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಆದರೆ ಒಬ್ಬನೇ ಜಾಹೀರಾತುದಾರ ಫಲಿತಾಂಶದ ನಕಲಿ ತಾಣದಿಂದಲೂ ಸಿನಿಮಾ ತಾಣದಿಂದಲೂ ಒಪ್ಪಿಗೆ ಕೊಳ್ಳಬಹುದು. ಬರುವ ಚಿತ್ರಕ್ಕೂ ಒಪ್ಪಿಗೆ ಕೊಟ್ಟ ಪುಟಕ್ಕೂ ನಂಟಿರಬೇಕಾಗಿಲ್ಲ. ಬೈಗುಳಕ್ಕೆ ಹೆದರಿದ ಮಕ್ಕಳು ಮುಂದೆ ನಿಜವಾದ ಮೋಸ ನಡೆದಾಗಲೂ ಬಾಯಿ ಬಿಡುವುದಿಲ್ಲ. ನೋಟಿಫಿಕೇಶನ್‌ಗಿಂತ ದೊಡ್ಡ ನಷ್ಟ ಅದು.

ತಪ್ಪು ಕಲ್ಪನೆ 4: ಬರೀ ಜಾಹೀರಾತು ತಾನೆ, ಇದ್ದರೆ ಇರಲಿ

ಅನುಮತಿಯಿಂದ ಫೋನಿನ ಒಳಗೆ ಕೈಹಾಕಲು ಆಗುವುದಿಲ್ಲವೆಂದರೆ ಹಾನಿಯೇ ಇಲ್ಲ ಎನ್ನಬಹುದಲ್ಲ ಎಂಬ ಆಕ್ಷೇಪ ಸಹಜ. ಆದರೆ ಆ ಸಂದೇಶ ಒಂದು ದಾರಿ ಮಾತ್ರ, ಅದರ ಇನ್ನೊಂದು ತುದಿಯಲ್ಲಿ ಏನಿದೆ ಎಂಬುದು ಮುಖ್ಯ. ವೈರಸ್ ಇದೆ ಎಂಬ ಸಂದೇಶವನ್ನು ಒತ್ತಿದರೆ ನಕಲಿ ಸ್ಕ್ಯಾನ್ ಓಡಿ, ಒಂದು ಆ್ಯಪ್ ಇಳಿಸಿಕೊಳ್ಳಿ ಎನ್ನುತ್ತದೆ. ಆಗ ನಿಜವಾದ ಪಿಡುಗು ನಿಮ್ಮ ಕೈಯಿಂದಲೇ ಫೋನಿಗೆ ಹೊಗುತ್ತದೆ. ಸಾಲದ ಸಂದೇಶ ಆಧಾರ್, ಪ್ಯಾನ್, ಫೋಟೋ ಕೇಳುವ ಪುಟಕ್ಕೆ ಒಯ್ಯುತ್ತದೆ. ಬಹುಮಾನದ ಸಂದೇಶ ಕಾರ್ಡ್ ನಂಬರ್ ಕೇಳುತ್ತದೆ. ಕಂಪ್ಯೂಟರಿನಲ್ಲಿ ಬರುವ ಎಚ್ಚರಿಕೆ ಸಹಾಯವಾಣಿ ಎಂದು ಒಂದು ನಂಬರ್ ಕೊಟ್ಟು, ಕರೆ ಮಾಡಿದವರಿಂದ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿ, ಓಟಿಪಿ ಕೇಳುತ್ತದೆ. ಬ್ರೌಸರಿನ ಮೂಲಕ ಬರುವ ಯಾವ ತಾಣಕ್ಕೂ ನಿಮ್ಮ ಫೋನಿನಲ್ಲಿ ಎಷ್ಟು ವೈರಸ್ ಇವೆ ಎಂದು ಎಣಿಸುವ ಶಕ್ತಿಯೇ ಇಲ್ಲ. ಹದಿಮೂರು ವೈರಸ್ ಸಿಕ್ಕಿವೆ ಎಂಬ ಸಂದೇಶ ಕಂಡರೆ ಆ ಸಂಖ್ಯೆಯೇ ಅದು ಸುಳ್ಳೆಂಬುದಕ್ಕೆ ಸಾಕ್ಷಿ. ಹಾಗೇನಾದರೂ ಹಣ ಹೋಗಿದ್ದರೆ ನಾಚಿಕೆಪಡುತ್ತಾ ಕೂರದೆ ಕೂಡಲೇ 1930ಕ್ಕೆ ಕರೆ ಮಾಡಬೇಕು, ಸೈಬರ್‌ಕ್ರೈಮ್ ಡಾಟ್ ಜಿಓವಿ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಬೇಕು. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಸರಿದುಹೋಗುವ ಮೊದಲೇ ತಡೆಯಲು ಬ್ಯಾಂಕುಗಳಿಗೆ ಅವಕಾಶ ಸಿಗುವುದು ಬೇಗ ತಿಳಿಸಿದರೆ ಮಾತ್ರ.

ತಪ್ಪು ಕಲ್ಪನೆ 5: ಡಿಎನ್‌ಡಿ ಹಾಕಿಸಿದರೆ, ಹಿಸ್ಟರಿ ಅಳಿಸಿದರೆ, ಫಾರ್ಮ್ಯಾಟ್ ಮಾಡಿಸಿದರೆ ಸರಿಹೋಗುತ್ತದೆ

1909 ಎಂಬ ನಂಬರಿನಲ್ಲಿ ನೋಂದಾಯಿಸುವ ಡಿಎನ್‌ಡಿ ಟೆಲಿಕಾಂ ಪ್ರಾಧಿಕಾರ ಟ್ರಾಯ್‌ನ ಏರ್ಪಾಡು. ಮಾರಾಟದ ಕರೆ ಮತ್ತು ಎಸ್ಎಂಎಸ್‌ಗಳಿಗೆ ಅದು ಅನ್ವಯಿಸುತ್ತದೆ. ಇಂಟರ್ನೆಟ್ ಮೂಲಕ ಬ್ರೌಸರಿಗೆ ಇಳಿಯುವ ಸಂದೇಶ ಅದರ ವ್ಯಾಪ್ತಿಗೆ ಬರುವುದಿಲ್ಲ. ಸಂದೇಶವನ್ನು ಪಕ್ಕಕ್ಕೆ ಸರಿಸಿದರೆ ಆ ಒಂದು ಸಂದೇಶ ಹೋಗುತ್ತದೆ, ಕಳಿಸುವವನು ಹೋಗುವುದಿಲ್ಲ. ಹಿಸ್ಟರಿ ಅಳಿಸಿದರೆ ಅಳಿಯುವುದು ನೀವು ನೋಡಿದ ಪುಟಗಳ ಪಟ್ಟಿ, ಕೊಟ್ಟ ಅನುಮತಿಯಲ್ಲ. ಫಾರ್ಮ್ಯಾಟ್ ಮಾಡಿಸಿದರೆ ಕಾಟ ತಪ್ಪುವುದು ನಿಜ, ಆದರೆ ಬೇರೆಡೆ ಉಳಿಸಿಕೊಳ್ಳದ ಫೋಟೋಗಳೂ ಜೊತೆಗೇ ಹೋಗುತ್ತವೆ, ಅಂಗಡಿಯವರಿಗೆ ಕೊಟ್ಟ ದುಡ್ಡೂ ದಂಡ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಮಾಡಬೇಕಾದದ್ದು ಹೀಗೆ: ಮೇಲಿನ ಮೂಲೆಯ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಸೈಟ್ ಸೆಟ್ಟಿಂಗ್ಸ್ ತೆರೆದು, ಅದರಲ್ಲಿ ನೋಟಿಫಿಕೇಶನ್ಸ್ ಒತ್ತಿರಿ. ನೀವು ಅನುಮತಿ ಕೊಟ್ಟ ತಾಣಗಳೆಲ್ಲ ಅಲ್ಲಿ ಸಾಲಾಗಿ ಕಾಣುತ್ತವೆ. ಗುರುತಿಲ್ಲದ ಒಂದೊಂದನ್ನೂ ಒತ್ತಿ ಬ್ಲಾಕ್ ಮಾಡಿ. ಅನುಮತಿಯನ್ನು ಬರೀ ತೆಗೆದುಹಾಕಿದರೆ ಆ ತಾಣ ಮುಂದಿನ ಸಲ ಮತ್ತೆ ಕೇಳಬಹುದು, ಬ್ಲಾಕ್ ಮಾಡಿದರೆ ಕೇಳಲಾರದು. ಯಾವ ತಾಣದ ನೋಟಿಫಿಕೇಶನ್ನೂ ಬೇಡವೆಂದರೆ ಅದೇ ಪುಟದ ಮೇಲ್ಗಡೆಯ ಸ್ವಿಚ್ ಆಫ್ ಮಾಡಿಬಿಡಿ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಸೈಟ್ ಸೆಟ್ಟಿಂಗ್ಸ್ ಇರುವುದು ಪ್ರೈವಸಿ ಆ್ಯಂಡ್ ಸೆಕ್ಯುರಿಟಿ ಎಂಬ ವಿಭಾಗದೊಳಗೆ. ಫೈರ್‌ಫಾಕ್ಸ್‌ನಲ್ಲೂ ಅದೇ ಹೆಸರಿನ ವಿಭಾಗದಲ್ಲಿ ಪರ್ಮಿಷನ್ಸ್ ಎಂಬಲ್ಲಿ ಪಟ್ಟಿ ಸಿಗುತ್ತದೆ, ಹೊಸ ಕೋರಿಕೆಗಳನ್ನೆಲ್ಲ ತಡೆಯುವ ಆಯ್ಕೆಯೂ ಅಲ್ಲೇ ಇದೆ. ಐಫೋನಿನ ಕಥೆ ಬೇರೆ. 2023ರ ಮಾರ್ಚ್‌ನಲ್ಲಿ ಬಂದ ಅದರ ತಂತ್ರಾಂಶದ 16.4ನೆಯ ಆವೃತ್ತಿಯಿಂದ ಈಚೆಗೆ, ಅದೂ ಹೋಂ ಸ್ಕ್ರೀನಿಗೆ ಸೇರಿಸಿಕೊಂಡ ತಾಣಗಳಿಗೆ ಮಾತ್ರ, ಅದು ಈ ಸೌಲಭ್ಯ ಕೊಟ್ಟಿದೆ. ಐಫೋನಿನಲ್ಲಿ ವೈರಸ್ ಎಚ್ಚರಿಕೆ ಬರುತ್ತಿದ್ದರೆ ಅರಿಯದೆ ಚಂದಾದಾರರಾದ ಕ್ಯಾಲೆಂಡರ್ ಇದೆಯೇ ಎಂದು ನೋಡಿ ತೆಗೆಯಬೇಕು.

ತಪ್ಪು ಕಲ್ಪನೆ 6: ಬ್ರೌಸರ್ ಕಂಪನಿಗಳೇ ಈಗ ಎಲ್ಲ ನೋಡಿಕೊಳ್ಳುತ್ತವೆ

ಕಂಪನಿಗಳು ಕೈಕಟ್ಟಿ ಕೂತಿಲ್ಲ ಎಂಬುದು ನಿಜ. ಬಳಕೆದಾರ ಪುಟದಲ್ಲಿ ಏನನ್ನಾದರೂ ಒತ್ತುವ ಮೊದಲೇ ಪೆಟ್ಟಿಗೆ ಎದ್ದುಬರುವುದನ್ನು ಫೈರ್‌ಫಾಕ್ಸ್ 2020ರ ಜನವರಿಯಲ್ಲಿ ನಿಲ್ಲಿಸಿತು. ಮೋಸ ಮಾಡಿ ಅನುಮತಿ ಕೇಳುವ ತಾಣಗಳ ಪೆಟ್ಟಿಗೆಯನ್ನು ಕ್ರೋಮ್ ಅದೇ ವರ್ಷದ ಜುಲೈನಿಂದ ಅಡಗಿಸತೊಡಗಿತು. ಜನ ಭೇಟಿ ಕೊಡುವುದನ್ನೇ ಬಿಟ್ಟ ತಾಣಗಳ ಅನುಮತಿಯನ್ನು ತಾನಾಗಿ ರದ್ದು ಮಾಡುವುದಾಗಿ ಗೂಗಲ್ 2025ರ ಅಕ್ಟೋಬರ್‌ನಲ್ಲಿ ತಿಳಿಸಿತು. ಬರುವ ನೋಟಿಫಿಕೇಶನ್‌ಗಳಲ್ಲಿ ನೂರಕ್ಕೆ ಒಂದನ್ನೂ ಜನ ಒತ್ತುವುದಿಲ್ಲ ಎಂದು ಒಪ್ಪಿಕೊಂಡದ್ದೂ ಆಗಲೇ. ಆದರೆ ಈ ಕಾವಲು ಅಪ್‌ಡೇಟ್ ಆದ ಬ್ರೌಸರಿಗೆ ಮಾತ್ರ ಸಿಗುತ್ತದೆ. ಜಾಗವಿಲ್ಲವೆಂದು ವರ್ಷಗಟ್ಟಲೆ ಅಪ್‌ಡೇಟ್ ಮಾಡದ ಹಳೆಯ ಫೋನುಗಳು ನಮ್ಮಲ್ಲಿ ಬೇಕಾದಷ್ಟಿವೆ. ಜೊತೆಗೆ, ಅನುಮತಿ ಸೇರುವುದು ಆಯಾ ವಿಳಾಸಕ್ಕೆ. ಒಂದು ವಿಳಾಸ ತಡೆಗೆ ಸಿಕ್ಕಿದರೆ ಮೋಸಗಾರ ಮರುದಿನ ಹೊಸದೊಂದನ್ನು ಕೊಂಡು ಮೊದಲಿನಿಂದ ಶುರುಮಾಡುತ್ತಾನೆ. ಕಾವಲುಗಾರ ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ. ಹಾಗೆಂದು ನೋಟಿಫಿಕೇಶನ್ ಎಂಬುದೇ ಕೆಟ್ಟದ್ದು ಎಂದರೆ ಅದೂ ಅತಿ. ದಿನವೂ ಓದುವ ಪತ್ರಿಕೆಗೋ ಇಮೇಲ್‌ಗೋ, ನೀವಾಗಿ ಬೇಕೆಂದು ಕೊಟ್ಟ ಅನುಮತಿ ಉಪಯುಕ್ತವೇ. ನಾವು ಹುಡುಕಿಕೊಂಡು ಹೋದ ಕೆಲಸಕ್ಕೆ ಈ ಅನುಮತಿ ಬೇಕೇ ಎಂಬ ಒಂದೇ ಪ್ರಶ್ನೆ ಅಸಲಿಯನ್ನೂ ನಕಲಿಯನ್ನೂ ಬೇರ್ಪಡಿಸುತ್ತದೆ.

ಆದ್ದರಿಂದ ಇದು ತಜ್ಞರಿಗೆ ಬಿಟ್ಟು ಕೂರುವ ವಿಷಯವಲ್ಲ. ಅನುಮತಿಯ ಪಟ್ಟಿಯನ್ನು ತೆರೆದು ತೋರಿಸಲು ಗೊತ್ತಿರುವ ಒಬ್ಬ ಹುಡುಗಿ ಬೀದಿಗೊಬ್ಬಳಿದ್ದರೆ ಸಾಕು. ನೇಕಾರರ ಸಹಕಾರ ಸಂಘದಲ್ಲಿ, ಶಾಲೆಯ ಪೋಷಕರ ಸಭೆಯಲ್ಲಿ, ಗ್ರಂಥಾಲಯದಲ್ಲಿ ಕೂತು ಕನ್ನಡದಲ್ಲೋ ತಮಿಳಿನಲ್ಲೋ ನಾಲ್ಕು ಜನಕ್ಕೆ ಹೇಳಿಕೊಡಬಹುದು. ಭಯವನ್ನು ಮಾರುವವರ ವ್ಯಾಪಾರ ನಡೆಯುವುದು ತಮ್ಮ ಫೋನಿನಲ್ಲಿ ಏನಾಗುತ್ತಿದೆ ಎಂದು ಜನರಿಗೆ ತಿಳಿಯದಿರುವವರೆಗೆ ಮಾತ್ರ. ಅನುಮತಿ ಕೊಟ್ಟದ್ದು ನಮ್ಮ ಬೆರಳೇ ಆದ್ದರಿಂದ ಅದನ್ನು ಕಿತ್ತುಕೊಳ್ಳುವ ಹಕ್ಕೂ ನಮ್ಮದೇ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.